ಮೂಲೆಯಿಲ್ಲದ ಮೇಜು

ಪ್ರತಿ ವರ್ಷ ಜೂನ್ ಎರಡನೆಯ ವಾರ ನಾನು ಬೆಂಗಳೂರಿಗೆ ಬಂದಿಳಿದು, ನಿದ್ದೆಯ ಹೊತ್ತು ಸರಿಹೋಗುವ ಮೊದಲೇ, ತ್ಯಾಗರಾಜನಗರದ ತವರುಮನೆಗೆ ನೆಂಟರಿಷ್ಟರು ಒಬ್ಬೊಬ್ಬರಾಗಿ ಬರಲು ಶುರುವಾಗುತ್ತದೆ. ಕಾಫಿ ಲೋಟ ಕೈಗೆ ಬಂದ ಮೇಲೆ ಮಳೆ, ಮೆಟ್ರೋ, ಮಂಡಿನೋವುಗಳ ಮಾತು ಐದು ನಿಮಿಷ ನಡೆದು, ಆಮೇಲೆ ಅಸಲು ಪ್ರಶ್ನೆ ಹೊರಬೀಳುತ್ತದೆ: “ನೀನು ಪಾಠ ಮಾಡೋ ಆ ಸ್ಕೂಲಿಗೆ ನಮ್ಮ ಹುಡುಗನ್ನ ಸೇರಿಸ್ಬೋದೇನಮ್ಮಾ?” ಈ ವರ್ಷ ಆ ಪ್ರಶ್ನೆ ಮನೆಯ ಒಳಗಿನಿಂದಲೇ ಬಂತು. ಅಣ್ಣನ ಮಗಳು ಒಂಬತ್ತನೆಯ ತರಗತಿಗೆ ಬಂದಿದ್ದಾಳೆ. ಅಮೆರಿಕದ ವಸತಿ ಶಾಲೆಗಳ ವಿವರಗಳನ್ನೆಲ್ಲ ಅತ್ತಿಗೆ ಒಂದು ದಪ್ಪ ಫೈಲಿನಲ್ಲಿ ಜೋಡಿಸಿಟ್ಟುಕೊಂಡಿದ್ದಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ.

ನಾನು ಜಯನಗರದ ಸುತ್ತಮುತ್ತ ಹದಿನಾಲ್ಕು ವರ್ಷ ಪಿಯು ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು. ಕಳೆದ ಆರು ವರ್ಷಗಳಿಂದ ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ನ್ಯೂ ಇಂಗ್ಲೆಂಡ್ ಪ್ರದೇಶದ ಒಂದು ವಸತಿ ಪ್ರೌಢಶಾಲೆಯಲ್ಲಿ ಅದೇ ಕೆಲಸ ಮಾಡುತ್ತಿದ್ದೇನೆ. ಮಕ್ಕಳ ವಿಷಯ ಹೇಳಬೇಕಾಗಿರುವುದರಿಂದ ಶಾಲೆಯ ಹೆಸರನ್ನು ಬಿಟ್ಟಿದ್ದೇನೆ. ಒಂದೆರಡು ಗುರುತುಗಳನ್ನೂ ಬದಲಿಸಿದ್ದೇನೆ.

ಮೊದಲು ಹೆಸರಿನ ಗೊಂದಲ ಬಗೆಹರಿಯಲಿ. ಇಂಗ್ಲೆಂಡಿನಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ಈಟನ್, ಹ್ಯಾರೋಗಳಂಥ ಹಳೆಯ ಖಾಸಗಿ ಶಾಲೆ. ಅಮೆರಿಕದಲ್ಲಿ ಅದೇ ಮಾತಿಗೆ ಸರ್ಕಾರಿ ಶಾಲೆ ಎಂದು ಅರ್ಥ. ನಮ್ಮ ಬೆಂಗಳೂರಿನಲ್ಲಿ ಅದಕ್ಕೆ ಅರ್ಥವೇ ಉಳಿದಿಲ್ಲ, ಎರಡು ಅಂತಸ್ತಿನ ಕಟ್ಟಡವೂ ಒಂದು ಹಳದಿ ವ್ಯಾನೂ ಇದ್ದರೆ ಬೋರ್ಡು ಬರೆಸಬಹುದು. ನಾನು ಹೇಳುತ್ತಿರುವುದು ಅಮೆರಿಕದಲ್ಲಿ ‘ಇಂಡಿಪೆಂಡೆಂಟ್ ಸ್ಕೂಲ್’ ಎಂದು ಕರೆಯುವ ಬಗೆಯ ಶಾಲೆಗಳ ವಿಷಯ: ಧರ್ಮದರ್ಶಿ ಮಂಡಳಿಯೊಂದರ ಕೈಯಲ್ಲಿ, ಶುಲ್ಕ ಮತ್ತು ದತ್ತಿಯ ಹಣದಲ್ಲಿ ನಡೆಯುವಂಥವು. ಇವುಗಳಲ್ಲಿ ಬಹಳ ಹೆಸರು ಮಾಡಿದವು ಎರಡು, ಮ್ಯಾಸಚೂಸೆಟ್ಸ್‌ನ ಆಂಡೋವರ್ ಊರಿನ ಫಿಲಿಪ್ಸ್ ಅಕಾಡೆಮಿ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿ. ಒಂದು 1778ರಲ್ಲಿ, ಇನ್ನೊಂದು 1781ರಲ್ಲಿ, ಒಂದೇ ಮನೆತನದವರಿಂದ ಆರಂಭವಾದವು. ಆಗ ಅಮೆರಿಕಕ್ಕೆ ಸಂವಿಧಾನ ಇನ್ನೂ ಬಂದಿರಲಿಲ್ಲ. ನಮ್ಮಲ್ಲಿ ಲಾಲ್‌ಬಾಗಿನ ಹೈದರಾಲಿ ಬದುಕಿದ್ದ.

ಆದರೆ ಇವತ್ತು ಇಂಥ ಶಾಲೆಗಳ ತರಗತಿ ಹೇಗಿದೆಯೋ ಅದಕ್ಕೆ ಕಾರಣ 1930ರ ಒಂದು ದೇಣಿಗೆ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಸಂಪತ್ತಿನ ವಾರಸುದಾರ ಎಡ್ವರ್ಡ್ ಹಾರ್ಕ್‌ನೆಸ್, ಎಕ್ಸೆಟರ್ ಶಾಲೆಗೆ ಲಕ್ಷಗಟ್ಟಲೆ ಡಾಲರ್ ಕೊಡಲು ಒಪ್ಪಿದ, ಜೊತೆಗೆ ಒಂದು ಷರತ್ತನ್ನೂ ಇಟ್ಟ: ಪಾಠ ಹೇಳುವ ಕ್ರಮವೇ ಬೇರೆಯಾಗಬೇಕು. ಹುಡುಗರು ಶಿಕ್ಷಕನೊಂದಿಗೆ ಒಂದು ಮೇಜಿನ ಸುತ್ತ ಕೂರಬೇಕು, ಪ್ರತಿಯೊಬ್ಬನಿಗೂ ಬಾಯಿಬಿಟ್ಟು ಮಾತಾಡುವ ಧೈರ್ಯ ಬರಬೇಕು ಎನ್ನುವುದು ಅವನ ಆಸೆಯಾಗಿತ್ತು. ಅಂಡಾಕಾರದ ದೊಡ್ಡ ಮರದ ಮೇಜು, ಸುತ್ತ ಹನ್ನೆರಡು ವಿದ್ಯಾರ್ಥಿಗಳು, ಅವರ ನಡುವೆ ಎಲ್ಲರಂತೆ ಒಂದು ಕುರ್ಚಿಯಲ್ಲಿ ಶಿಕ್ಷಕ. ಮೇಜಿಗೆ ಮೂಲೆಯಿಲ್ಲ, ಕೋಣೆಯಲ್ಲಿ ಹಿಂದಿನ ಬೆಂಚಿಲ್ಲ. ಆದ್ದರಿಂದ ಬಚ್ಚಿಟ್ಟುಕೊಳ್ಳಲು ಜಾಗವೂ ಇಲ್ಲ. ನಮ್ಮ ಶಾಲೆಯೂ ಸೇರಿದಂತೆ ಎಷ್ಟೋ ಶಾಲೆಗಳು ಈ ಮೇಜನ್ನು ಎಕ್ಸೆಟರಿನಿಂದ ಎರವಲು ಪಡೆದಿವೆ.

ಮಕ್ಕಳನ್ನು ಕರೆದುಕೊಂಡು ಒಮ್ಮೆ ಎಕ್ಸೆಟರಿಗೆ ಹೋಗಿದ್ದೆ. ಅಲ್ಲಿನ ಗ್ರಂಥಾಲಯವನ್ನು ಕಟ್ಟಿಕೊಟ್ಟವನು ವಾಸ್ತುಶಿಲ್ಪಿ ಲೂಯಿ ಕಾನ್, 1971ರಲ್ಲಿ ತೆರೆದದ್ದು. ಹೊರಗೆ ಕೆಂಪು ಇಟ್ಟಿಗೆ, ಒಳಗೆ ಕಾಲಿಟ್ಟರೆ ಕಾಂಕ್ರೀಟಿನ ಗೋಡೆಗಳಲ್ಲಿ ಕೊರೆದ ಬೃಹತ್ ವೃತ್ತಗಳು, ಅವುಗಳ ಹಿಂದೆ ಮಹಡಿ ಮಹಡಿಯಾಗಿ ಪುಸ್ತಕಗಳು. ಪ್ರೌಢಶಾಲೆಯ ಮಕ್ಕಳಿಗೆ ಇಷ್ಟು ಪುಸ್ತಕವೇ ಎಂದು ಹೊಟ್ಟೆಕಿಚ್ಚು ಪಟ್ಟದ್ದು ನಿಜ. ಅಹಮದಾಬಾದಿನ ಐಐಎಂ ಕಟ್ಟಡವೂ ಅದೇ ಕಾನ್‌ನದು, ಆ ಕೆಲಸಕ್ಕೆ ಅವನನ್ನು ಕರೆತಂದ ಬಿ.ವಿ. ದೋಶಿಯವರೇ ಮುಂದೆ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂ ಕಟ್ಟಿದವರು ಎಂದು ನಾನು ಮಕ್ಕಳಿಗೆ ಹೇಳಿದೆ. ಅವರು ನಯವಾಗಿ ತಲೆಯಾಡಿಸಿ ಲಿಫ್ಟಿನತ್ತ ನಡೆದರು.

ಇನ್ನು ಆ ಮೇಜಿನ ಮುಂದೆ ನನಗಾದ ಅವಮಾನದ ವಿಷಯ. ಸೇರಿದ ಮೊದಲ ತಿಂಗಳು, ನನ್ನ ತರಗತಿಯನ್ನು ನೋಡಲು ಗಣಿತ ವಿಭಾಗದ ಹಿರಿಯರೊಬ್ಬರು ಬಂದು ಗೋಡೆಯ ಪಕ್ಕ ಕುಳಿತರು. ಒಂದು ಲೆಕ್ಕಕ್ಕೆ ಮಕ್ಕಳು ಐದು ನಿಮಿಷ ತಡಕಾಡಿದ್ದನ್ನು ಕಂಡು ನನ್ನ ಕೈ ತಾನಾಗಿಯೇ ಮಾರ್ಕರಿನ ಕಡೆಗೆ ಹೋಯಿತು. ಬೋರ್ಡಿನ ಎಡ ಮೂಲೆಯಿಂದ ಶುರುಮಾಡಿ ಬಲ ಮೂಲೆಯ ತನಕ, ಜಯನಗರದಲ್ಲಿ ಭೇಷ್ ಎನ್ನಿಸಿಕೊಂಡಿದ್ದ ಅಕ್ಷರದಲ್ಲಿ, ಒಂದು ಹೆಜ್ಜೆಯೂ ತಪ್ಪದಂತೆ ಬಿಡಿಸಿದೆ. ತರಗತಿ ಮುಗಿದ ಮೇಲೆ ಆ ಹಿರಿಯರು ತಮ್ಮ ಚೀಟಿ ನೋಡಿಕೊಂಡು, “ಐವತ್ತು ನಿಮಿಷದಲ್ಲಿ ಮೂವತ್ತನಾಲ್ಕು ನಿಮಿಷ ನೀವೇ ಮಾತಾಡಿದಿರಿ” ಎಂದು ಮೆಲ್ಲಗೆ ಹೇಳಿದರು. ನಾನು ಅದನ್ನು ಹೊಗಳಿಕೆ ಎಂದು ತಿಳಿದು ಧನ್ಯವಾದ ಹೇಳಿಬಿಟ್ಟೆ. ಅದು ಹೊಗಳಿಕೆಯಲ್ಲ ಎಂದು ಅರ್ಥವಾಗುವ ಹೊತ್ತಿಗೆ ನಾನು ಅರ್ಧ ಮೈದಾನ ದಾಟಿದ್ದೆ.

ನಮ್ಮ ಶಾಲೆಯಲ್ಲಿ ಗಣಿತಕ್ಕೆ ಪಠ್ಯಪುಸ್ತಕವಿಲ್ಲ. ಎಕ್ಸೆಟರಿನ ಶಿಕ್ಷಕರು ತಾವೇ ಬರೆದು ವರ್ಷ ವರ್ಷವೂ ತಿದ್ದುತ್ತ ಬಂದ ಲೆಕ್ಕಗಳ ಹಾಳೆಗಳಿವೆ. ಅವರ ಜಾಲತಾಣದಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಅದರಲ್ಲಿ ಅಧ್ಯಾಯಗಳಿಲ್ಲ, ಸೂತ್ರದ ಚೌಕಗಳಿಲ್ಲ, ‘ಮೇಲಿನ ಉದಾಹರಣೆಯಂತೆ’ ಎಂಬ ಮಾತಿಲ್ಲ. ಬೀಜಗಣಿತದ ಲೆಕ್ಕದ ಕೆಳಗೆ ರೇಖಾಗಣಿತ, ಅದರ ಕೆಳಗೆ ರೈಲು. ಮಕ್ಕಳು ಹಿಂದಿನ ರಾತ್ರಿ ಏಳೆಂಟು ಲೆಕ್ಕಗಳ ಜೊತೆ ಗುದ್ದಾಡಿ ಬಂದು, ಬೆಳಗ್ಗೆ ಕೋಣೆಯ ಸುತ್ತಲಿನ ಬೋರ್ಡುಗಳ ಮೇಲೆ ತಮಗೆ ತೋಚಿದಷ್ಟನ್ನು ಬರೆಯುತ್ತಾರೆ, ಅರ್ಧಂಬರ್ಧವಾದರೂ ಸರಿಯೇ. ಆಮೇಲೆ ಅದರ ಮೇಲೆ ಮಾತು. ಮೊನ್ನೆ ಅಣ್ಣನ ಮಗಳಿಗೆ ಒಂದು ಹಾಳೆ ಮುದ್ರಿಸಿ ಕೊಟ್ಟೆ. ಎರಡೂ ಬದಿ ತಿರುಗಿಸಿ ನೋಡಿ, “ಅತ್ತೆ, ಇದು ಯಾವ ಚಾಪ್ಟರ್?” ಎಂದಳು.

ಎರಡು ವರ್ಷದ ಹಿಂದೆ ಮಲ್ಲೇಶ್ವರದ ಒಬ್ಬ ಹುಡುಗಿ ನನ್ನ ತರಗತಿಗೆ ಬಂದಳು. ಬೆಂಗಳೂರಿನ ಶಾಲೆಯಲ್ಲಿ ಪ್ರತಿ ವರ್ಷ ಮೊದಲ ಸ್ಥಾನ, ಒಲಿಂಪಿಯಾಡ್ ಪದಕಗಳು, ಅಚ್ಚುಕಟ್ಟಾದ ಇಂಗ್ಲಿಷು. ಸೆಪ್ಟೆಂಬರಿನಲ್ಲಿ ಒಂದು ದಿನ ಮೇಜಿನ ಮೇಲಿದ್ದ ಲೆಕ್ಕ ಇದು: (2, 1) ಮತ್ತು (6, 9) ಎಂಬ ಎರಡು ಬಿಂದುಗಳಿಂದ ಸಮಾನ ದೂರದಲ್ಲಿರುವ ಬಿಂದುಗಳನ್ನು ಹುಡುಕಿ. ಒಬ್ಬ ಹುಡುಗ ನಡುಬಿಂದು (4, 5) ಎಂದ. ಇನ್ನೊಬ್ಬಳು ರಾತ್ರಿಯೆಲ್ಲ ಗ್ರಾಫ್ ಹಾಳೆಯಲ್ಲಿ ತಡಕಾಡಿ (0, 7) ಕೂಡ ಆಗುತ್ತದೆ ಎಂದು ಕಂಡುಕೊಂಡಿದ್ದಳು. ಎರಡು ಕಡೆಗೂ ದೂರದ ವರ್ಗ 40 ಬರುತ್ತದೆ ಎಂದು ಎಣಿಸಿ ತೋರಿಸಿದಳು. ಮೂರನೆಯವನು ಹಾಳೆಯನ್ನು ಮಡಿಸಿ ಎರಡು ಚುಕ್ಕಿಗಳನ್ನು ಒಂದರ ಮೇಲೊಂದು ತಂದು, ಮಡಿಕೆಯ ಗೆರೆ (8, 3)ರ ಮೇಲೂ ಹಾಯುತ್ತದಲ್ಲ ಎಂದ. ಹಾಗಾದರೆ ಇಂಥ ಬಿಂದುಗಳೆಲ್ಲ ಒಂದೇ ಗೆರೆಯ ಮೇಲಿವೆಯೇ, ಗೆರೆಯ ಆಚೆ ಒಂದೂ ಇಲ್ಲವೆಂದು ಹೇಗೆ ಹೇಳುವುದು ಎಂದು ಮುಕ್ಕಾಲು ಗಂಟೆ ಜಗಳವಾಯಿತು. ಮಲ್ಲೇಶ್ವರದ ಹುಡುಗಿ ಮೊದಲ ಎರಡು ನಿಮಿಷದಲ್ಲೇ ನೋಟ್‌ಬುಕ್ಕಿನಲ್ಲಿ x + 2y = 14 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಪೆನ್ನಿನ ಮುಚ್ಚಳ ಹಾಕಿ, ಕೈಕಟ್ಟಿ ಕುಳಿತಿದ್ದಳು. ನನ್ನ ಪಕ್ಕದ ಕುರ್ಚಿಯಾದ್ದರಿಂದ ಎಲ್ಲವೂ ಕಾಣುತ್ತಿತ್ತು.

ನಮ್ಮ ಶಾಲೆಯಲ್ಲಿ ಚರ್ಚೆಯ ನಕ್ಷೆ ಬರೆಯುವ ರೂಢಿಯಿದೆ. ಅಂಡಾಕಾರ ಬರೆದು ಸುತ್ತ ಹೆಸರುಗಳನ್ನು ಗುರುತಿಸಿ, ಯಾರು ಯಾರಿಗೆ ಮಾತಾಡಿದರೋ ಅವರಿಂದ ಅವರಿಗೆ ಒಂದೊಂದು ಗೆರೆ ಎಳೆಯುತ್ತ ಹೋಗುವುದು. ತಾಸು ಮುಗಿದಾಗ ಅದು ಹೆಚ್ಚುಕಡಿಮೆ ನಮ್ಮ ಚುಕ್ಕಿ ರಂಗೋಲಿಯಂತೆ ಕಾಣುತ್ತದೆ. ಆ ದಿನದ ರಂಗೋಲಿಯಲ್ಲಿ ಒಂದು ಚುಕ್ಕಿಗೆ ಎಳೆ ಮುಟ್ಟಿರಲೇ ಇಲ್ಲ. ಅವಳನ್ನು ಉಳಿಸಿಕೊಂಡು ಹಾಳೆ ತೋರಿಸಿ, ಕನ್ನಡದಲ್ಲೇ ಕೇಳಿದೆ:

“ಉತ್ತರ ಬರ್ದಿಟ್ಕೊಂಡು ಯಾಕಮ್ಮಾ ಸುಮ್ನೆ ಕೂತಿದ್ದೆ?”

“ನೀವು ನನ್ನನ್ನ ಕೇಳ್ಲೇ ಇಲ್ವಲ್ಲ ಮ್ಯಾಮ್.”

ಅದರಲ್ಲಿ ಸೊಕ್ಕಿರಲಿಲ್ಲ. ಕೇಳದೆ ಉತ್ತರಿಸುವುದು ಅಧಿಕಪ್ರಸಂಗ ಎಂದು ಅವಳಿಗೆ ಕಲಿಸಿದ್ದೇವೆ. ಕಲಿಸಿದವರಲ್ಲಿ ನಾನೂ ಒಬ್ಬಳು. ಎಂಬತ್ತು ಮಕ್ಕಳ ತರಗತಿಯಲ್ಲಿ “ಕೇಳಿದ್ರೆ ಮಾತ್ರ ಹೇಳು” ಎಂದು ದಿನಕ್ಕೆ ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ. ಎಂಬತ್ತು ಮಕ್ಕಳಿದ್ದಲ್ಲಿ ಬೇರೆ ದಾರಿಯೂ ಇರಲಿಲ್ಲ, ಆ ಮಾತು ಬೇರೆ. ಈ ಮೇಜಿನ ಮುಂದೆ ಸುಮ್ಮನಿದ್ದರೆ ಅದನ್ನು ವಿನಯ ಎಂದು ಯಾರೂ ಎಣಿಸುವುದಿಲ್ಲ. ಮಾತಿಗೂ ಅಂಕವಿದೆ, ಇನ್ನೊಬ್ಬರ ಮಾತಿಗೆ ಕಿವಿಗೊಟ್ಟು ಅದನ್ನು ಮುಂದಕ್ಕೆ ಒಯ್ಯುವುದಕ್ಕೂ ಅಂಕವಿದೆ. ಆ ವರ್ಷದ ಮೊದಲ ವರದಿಯಲ್ಲಿ ಅವಳಿಗೆ ಬಿ ಗ್ರೇಡ್ ಬಂದಾಗ ಅವಳ ತಂದೆ ಬೆಂಗಳೂರಿನಿಂದ ಫೋನ್ ಮಾಡಿ, ಎಲ್ಲ ಪರೀಕ್ಷೆಯಲ್ಲೂ ಪೂರ್ತಿ ಅಂಕವಿದೆಯಲ್ಲ ಮೇಡಂ, ಎಲ್ಲಿ ಕಳೆದಿರಿ ಎಂದು ಕೇಳಿದರು. ಅವರಿಗೆ ವಿವರಿಸಲು ನನಗೆ ಅರ್ಧ ಗಂಟೆ ಹಿಡಿಯಿತು, ಅವರಿಗೆ ಒಪ್ಪಿಗೆಯಾಯಿತೆಂದು ಹೇಳಲಾರೆ.

ತರಗತಿ ದಿನದ ಒಂದು ಭಾಗ ಮಾತ್ರ. ಮಧ್ಯಾಹ್ನದ ಮೇಲೆ ಎಲ್ಲರಿಗೂ ಆಟ ಕಡ್ಡಾಯ, ಶನಿವಾರ ಅರ್ಧ ದಿನ ಪಾಠ. ಉಳಿದದ್ದೆಲ್ಲ ನಡೆಯುವುದು ಹಾಸ್ಟೆಲಿನಲ್ಲಿ. ಅಲ್ಲಿನವರ ಬಾಯಲ್ಲಿ ಅದು ‘ಡಾರ್ಮ್’. ನಮ್ಮ ಕಟ್ಟಡದಲ್ಲಿ ಮೂವತ್ತೆಂಟು ಹುಡುಗಿಯರು, ಅಂಟಿಕೊಂಡ ಮನೆಗಳಲ್ಲಿ ನಾವು ನಾಲ್ವರು ಶಿಕ್ಷಕಿಯರ ಸಂಸಾರಗಳು. ಅಲ್ಲಿ ವಾರ್ಡನ್ ಎಂದು ಬೇರೆ ನೌಕರರಿಲ್ಲ. ಬೆಳಗ್ಗೆ ಗಣಿತ ಹೇಳಿದವಳೇ ಸಂಜೆ ಹಾಕಿ ಆಟದ ಮೈದಾನದ ಬದಿಯಲ್ಲಿ ನಿಂತು, ರಾತ್ರಿ ಎಂಟಕ್ಕೆ ಹಾಜರಿ ಪಟ್ಟಿ ಹಿಡಿದು ಬಾಗಿಲಲ್ಲಿ ಕೂರಬೇಕು. ಎಂಟರಿಂದ ಹತ್ತರವರೆಗೆ ಓದಿನ ಹೊತ್ತು. ಹತ್ತೂವರೆಗೆ ಒಂಬತ್ತನೆಯ ತರಗತಿಯವರ ಫೋನುಗಳನ್ನು ಪೆಟ್ಟಿಗೆಗೆ ಹಾಕಿಸಿಕೊಳ್ಳುತ್ತೇವೆ. ಫೋನು ಕೊಡುವ ಆ ಸಾಲಿನಲ್ಲಿ ಯಾರ ಕಣ್ಣು ಕೆಂಪಾಗಿದೆ, ಯಾರು ಎರಡು ದಿನದಿಂದ ತಲೆ ಬಾಚಿಲ್ಲ ಎಂಬುದು ಕಾಣುತ್ತದೆ. ನನ್ನ ಕೆಲಸದಲ್ಲಿ ಆ ಹತ್ತು ನಿಮಿಷವನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ.

ಮಲ್ಲೇಶ್ವರದ ಹುಡುಗಿ ಮನೆಗೆ ಫೋನ್ ಮಾಡುತ್ತಿದ್ದದ್ದು ರಾತ್ರಿ ಒಂಬತ್ತೂವರೆಗೆ ಸಿಗುವ ಹತ್ತು ನಿಮಿಷದ ಬಿಡುವಿನಲ್ಲಿ. ಆಗ ಬೆಂಗಳೂರಿನಲ್ಲಿ ಬೆಳಗ್ಗೆ ಏಳು. ಅವಳ ತಾಯಿ ಒಲೆಯ ಮುಂದೆ ನಿಂತು ಮಾತಾಡುತ್ತಿದ್ದರು, ಕುಕ್ಕರಿನ ಸೀಟಿ ನಮ್ಮ ಪಡಸಾಲೆಗೆ ಕೇಳಿಸುತ್ತಿತ್ತು. ನವೆಂಬರ್ ಮೊದಲ ಭಾನುವಾರ ಅಮೆರಿಕದ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಸರಿದವು. ಅಲ್ಲಿನ ಒಂಬತ್ತೂವರೆ ಇಲ್ಲಿನ ಎಂಟಾಯಿತು, ಎಂಟಕ್ಕೆ ತಾಯಿ ಆಫೀಸಿಗೆ ಹೋಗುವ ಕ್ಯಾಬ್‌ನಲ್ಲಿ ನಾಲ್ಕು ಜನರ ಜೊತೆ ಕುಳಿತಿರುತ್ತಿದ್ದರು. ಒಂದು ಗಂಟೆಯ ಈ ವ್ಯತ್ಯಾಸ ಆ ಮಗುವನ್ನು ಇಡೀ ಚಳಿಗಾಲ ಕಾಡಿತು. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂಕಾಲಿಗೆಲ್ಲ ಕತ್ತಲಾಗುತ್ತದೆ ಎನ್ನುವುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ರಜೆಗಳಲ್ಲಿ ಹಾಸ್ಟೆಲ್ ಮುಚ್ಚುತ್ತದೆ ಎಂಬುದು ನಮ್ಮ ಕಡೆಯ ತಂದೆತಾಯಿಯರಿಗೆ ಮೊದಲು ಹೊಳೆಯುವುದಿಲ್ಲ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಯಾರೂ ಬೆಂಗಳೂರಿಗೆ ಬಂದು ಹೋಗಲಾರರು. ಆಗ ಪರದೇಶದ ಮಕ್ಕಳನ್ನು ಗೆಳತಿಯರ ಮನೆ, ಪರಿಚಯದವರ ಮನೆ ಎಂದು ಹಂಚಿ ಕಳಿಸುತ್ತೇವೆ. ನಮ್ಮ ತಾತ ಬೆಂಗಳೂರಿನಲ್ಲಿ ವಾರಾನ್ನ ಮಾಡಿ ಓದಿದವರು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಮನೆಗಳಲ್ಲಿ ಎರಡನೆಯ ಸಲ ಅನ್ನ ಕೇಳಲು ನಾಚಿಕೆಯಾಗುತ್ತಿತ್ತು ಎಂದು ಅವರು ಎಂಬತ್ತರ ವಯಸ್ಸಿನಲ್ಲೂ ಹೇಳುತ್ತಿದ್ದರು. ಹೋಗಿ ಬಂದ ಮಕ್ಕಳನ್ನು “ಊಟ ಹೇಗಿತ್ತು?” ಎಂದು ನಾನು ಕೇಳುವುದು ಆ ನೆನಪಿನಿಂದಲೇ. “ಚೆನ್ನಾಗಿತ್ತು, ಆದ್ರೆ ಕೇಳಕ್ಕೆ ಒಂಥರಾ ಆಯ್ತು” ಎಂಬ ಉತ್ತರ ಬೆಂಗಳೂರಿನ ಮಕ್ಕಳಿಂದಲೂ ಬಂದಿದೆ, ಕೊರಿಯಾದ ಮಕ್ಕಳಿಂದಲೂ ಬಂದಿದೆ.

ಜನವರಿಯ ಒಂದು ರಾತ್ರಿ ನನ್ನ ಪಾಳಿ. ಹುಡುಗಿಯರಿಗೆಂದು ಅವಲಕ್ಕಿ ಒಗ್ಗರಣೆ ಹಾಕಲು ಹೋಗಿ ಎಣ್ಣೆ ಕೊಂಚ ಹೆಚ್ಚೇ ಕಾದು, ಒಣಮೆಣಸಿನಕಾಯಿಯ ಘಾಟಿಗೆ ಇಡೀ ಕಟ್ಟಡದ ಅಲಾರಂ ಹೊಡೆದುಕೊಂಡಿತು. ಅಲಾರಂ ಆದರೆ ಎಲ್ಲರೂ ಹೊರಗೆ, ಅದಕ್ಕೆ ವಿನಾಯಿತಿಯಿಲ್ಲ. ಮೂವತ್ತೆಂಟು ಹುಡುಗಿಯರು ರಾತ್ರಿಯುಡುಪಿನಲ್ಲಿ ಹಿಮದ ಮೇಲೆ ನಿಂತಿದ್ದಾರೆ, ಅಗ್ನಿಶಾಮಕ ವಾಹನ ಬಂದು ನಿಂತಿದೆ, ನಾನು ಸೌಟು ಹಿಡಿದು ತಲೆತಗ್ಗಿಸಿದ್ದೇನೆ, ಆಗ ಹಿಂದಿನ ಸಾಲಿನಿಂದ ಮಲ್ಲೇಶ್ವರದ ಹುಡುಗಿಯ ದನಿ, ಅಷ್ಟೂ ಜನರ ಮುಂದೆ, ಗಟ್ಟಿಯಾಗಿ: “ಮ್ಯಾಮ್, ಇಂಗೂ ಹಾಕಿದ್ರಾ?” ಆಮೇಲೆ ಇಂಗು ಎಂದರೇನು ಎಂದು ಅವಳು ಇಡೀ ಗುಂಪಿಗೆ ಹಿಮದಲ್ಲಿ ನಡುಗುತ್ತ ಪಾಠ ಹೇಳಬೇಕಾಯಿತು.

ಅಲ್ಲಿಂದ ಅವಳ ಬಾಯಿ ಬಿಚ್ಚಿತು ಎಂದು ಬರೆದರೆ ಕತೆ ಬಲು ಚಂದವಾಗುತ್ತದೆ, ಆದರೆ ಹಾಗಾಗಲಿಲ್ಲ. ಮರುದಿನ ಮೇಜಿನ ಮುಂದೆ ಮತ್ತೆ ಕೈಕಟ್ಟಿಯೇ ಕುಳಿತಿದ್ದಳು. ಫೆಬ್ರವರಿ ಕೊನೆಯಲ್ಲಿ, ಒಂದಕ್ಕೊಂದು ಲಂಬವಾಗಿರುವ ಎರಡು ರೇಖೆಗಳ ಇಳಿಜಾರುಗಳನ್ನು ಗುಣಿಸಿದರೆ −1 ಬರುತ್ತದೆ ಎಂದು ಯಾರೋ ಹೇಳಿ ಎಲ್ಲರೂ ಮುಂದೆ ಹೋಗುತ್ತಿದ್ದಾಗ, ಅವಳು ತಡೆದಳು. “ನನಗಿದು ಏಳನೆಯ ತರಗತಿಯಿಂದ ಗೊತ್ತು. ಯಾಕೆ ಹಾಗೆ ಎನ್ನುವುದು ಮಾತ್ರ ಗೊತ್ತಿಲ್ಲ” ಎಂದು ಇಂಗ್ಲಿಷಿನಲ್ಲಿ, ನನ್ನ ಕಡೆ ನೋಡದೆ, ಎದುರಿನ ಹುಡುಗನಿಗೆ ಹೇಳಿದಳು. ಅವನಿಗೂ ಗೊತ್ತಿರಲಿಲ್ಲ. ಇಬ್ಬರೂ ಒಂದು ಗ್ರಾಫ್ ಹಾಳೆಯ ಮೇಲೆ ಬಲಕ್ಕೆ ಒಂದು, ಮೇಲಕ್ಕೆ ಎರಡು ಎಂದು ಗೆರೆ ಎಳೆದು, ಹಾಳೆಯನ್ನೇ ಕಾಲು ಸುತ್ತು ತಿರುಗಿಸಿದರು. ಅದೇ ಗೆರೆ ಬಲಕ್ಕೆ ಎರಡು, ಕೆಳಕ್ಕೆ ಒಂದು ಆಯಿತು. 2 ಇದ್ದ ಇಳಿಜಾರು −1/2 ಆಯಿತು. ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದೆ, ಮಾರ್ಕರ್ ಮುಟ್ಟಬಾರದೆಂದು. ಗೊತ್ತಿರುವುದನ್ನು ಹೇಳದೆ ಐದು ತಿಂಗಳು ಕಳೆದ ಹುಡುಗಿ, ಕೊನೆಗೆ ಬಾಯಿ ಬಿಟ್ಟದ್ದು ಗೊತ್ತಿಲ್ಲದ್ದನ್ನು ಹೇಳಲು.

ಅತ್ತಿಗೆಯ ಫೈಲಿನಲ್ಲಿ ಇದಕ್ಕೆ ಪುಟವಿಲ್ಲ. ಅವರಿಗೆ ಬೇಕಾದದ್ದು ಲೆಕ್ಕಪತ್ರ. ಅದನ್ನೂ ಹೇಳಿದೆ. ಇಂಥ ಶಾಲೆಯಲ್ಲಿ ವಸತಿ ಸೇರಿ ವರ್ಷಕ್ಕೆ 70,000 ಡಾಲರ್ ಆಸುಪಾಸು, ಅಂದರೆ 60 ಲಕ್ಷ ರೂಪಾಯಿ ಏನಿಲ್ಲವೆಂದರೂ ಆಗುತ್ತದೆ. ವಿಮಾನ, ವಿಮೆ, ಚಳಿಯ ಬಟ್ಟೆ ಬೇರೆ. ದೊಡ್ಡ ದತ್ತಿನಿಧಿ ಇರುವ ಶಾಲೆಗಳು ಧನಸಹಾಯದಲ್ಲಿ ಉದಾರ. ಮನೆಯವರಿಗೆ ಕೊಡುವ ಶಕ್ತಿ ಇದೆಯೇ ಎಂದು ನೋಡದೆ ಪ್ರವೇಶ ಕೊಡುವುದಾಗಿ ಎಕ್ಸೆಟರ್ 2021ರಲ್ಲಿ ಘೋಷಿಸಿತು. ಎಲ್ಲ ಶಾಲೆಗಳೂ ಹಾಗಲ್ಲ, ಪರದೇಶದವರಿಗೆ ನೆರವು ಕಡಿಮೆ ಎಂದೇ ತಿಳಿದು ಹೊರಡುವುದು ಕ್ಷೇಮ. ಅರ್ಜಿ ಸಾಮಾನ್ಯವಾಗಿ ಜನವರಿ ಮಧ್ಯದೊಳಗೆ ಹೋಗಬೇಕು, ಉತ್ತರ ಮಾರ್ಚ್ 10ಕ್ಕೆ. ಮಗುವಿಗೆ ಬೇಕಾದದ್ದು ಎಫ್-1 ಎಂಬ ವಿದ್ಯಾರ್ಥಿ ವೀಸಾ. ಅದೇ ವೀಸಾದಲ್ಲಿ ಅಲ್ಲಿನ ಸರ್ಕಾರಿ ಪ್ರೌಢಶಾಲೆಗೆ ಹೋಗುವುದಾದರೆ 12 ತಿಂಗಳ ಮಿತಿಯಿದೆ, ಖಾಸಗಿ ಶಾಲೆಗೆ ಆ ಮಿತಿಯಿಲ್ಲ. ಮುಂದೆ ಪದವಿಗೆ ಭಾರತಕ್ಕೇ ಮರಳುವುದಾದರೆ ಸಮಾನತಾ ಪ್ರಮಾಣಪತ್ರ ಮಾಡಿಸಬೇಕಾಗುತ್ತದೆ, ಮತ್ತು ಜೆಇಇಗೆ ಬೇಕಾದ ತಯಾರಿ ಅಲ್ಲಿ ಸಿಗುವುದಿಲ್ಲ. ಹಾರ್ವರ್ಡಿಗೆ ಅಲ್ಲಿಂದ ರಾಜಮಾರ್ಗವಿದೆ ಎಂಬ ನಂಬಿಕೆ ನಮ್ಮ ಬೀದಿಯಲ್ಲಿ ಗಟ್ಟಿಯಾಗಿದೆ. ಒಂದೇ ಡಾರ್ಮಿನ ಐದು ಜನ ಅದೇ ನಾಲ್ಕು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿ, ಫಲಿತಾಂಶದ ದಿನ ಒಬ್ಬರ ಮುಖ ಒಬ್ಬರು ನೋಡದೆ ಊಟದ ಹಾಲಿನಲ್ಲಿ ಕೂರುವುದನ್ನು ನೋಡಿದ ಮೇಲೆ, ಆ ಆಸೆಗಾಗಿಯೇ ಮಗುವನ್ನು ಕಳಿಸುವವರಿಗೆ ನಾನು ಬೇಡ ಎನ್ನುತ್ತೇನೆ.

ಮೊನ್ನೆ ಭಾನುವಾರ ಮಧ್ಯಾಹ್ನ ಇಷ್ಟೆಲ್ಲ ಮಾತು ಊಟದ ಮೇಜಿನ ಸುತ್ತ ನಡೆಯಿತು. ಅಣ್ಣ ಶುಲ್ಕದ ಲೆಕ್ಕ ಹಾಕಿದರು, ಅತ್ತಿಗೆ ವೀಸಾ ಕೇಳಿದರು, ಅಮ್ಮ ಹುಡುಗಿಗೆ ಅಷ್ಟು ದೂರ ಯಾಕೆ ಎಂದರು, ಹುಬ್ಬಳ್ಳಿಯಿಂದ ಬಂದಿದ್ದ ಭಾವ ತಮ್ಮ ಕಾಲದ ಹಾಸ್ಟೆಲಿನ ಸಾರಿನ ಕತೆ ತೆಗೆದರು. ಅಭ್ಯಾಸಬಲದಿಂದ ನಾನು ಮನಸ್ಸಿನಲ್ಲೇ ಗೆರೆ ಎಳೆಯುತ್ತಿದ್ದೆ. ಮೇಜಿನ ತುದಿಯಲ್ಲಿ ಮೊಸರನ್ನ ಕಲೆಸುತ್ತಿದ್ದ ಹುಡುಗಿಯತ್ತ ಒಂದು ಗೆರೆಯೂ ಹೋಗಿರಲಿಲ್ಲ.

“ನೀನೇನಂತೀಯೇ?” ಎಂದು ಕೇಳಿದೆ.

ಅವಳು ಒಮ್ಮೆ ತನ್ನ ಅಮ್ಮನ ಮುಖ ನೋಡಿ, ಆಮೇಲೆ ನನ್ನನ್ನು ನೋಡಿದಳು.

“ಶನಿವಾರನೂ ಕ್ಲಾಸ್ ಇರತ್ತೆ ಅಂದ್ಯಲ್ಲ ಅತ್ತೆ, ನಿಜಾನಾ?”

“ನಿಜ.”

“ಹಾಗಾದ್ರೆ ನಾನು ಸ್ವಲ್ಪ ಯೋಚ್ನೆ ಮಾಡ್ಬೇಕು.”

ಅಣ್ಣ ನಕ್ಕರು. ಅತ್ತಿಗೆ ನಗಲಿಲ್ಲ. ಹುಡುಗಿ ಉಪ್ಪಿನಕಾಯಿ ಜಾಡಿ ತನ್ನ ಕಡೆ ಎಳೆದುಕೊಂಡಳು.